ಹಾಲೋ ನೈಟ್‌ನಲ್ಲಿ ನೇಲ್ ಬೀಸುವುದನ್ನು ಕಲಿಯುವ ಬಗೆ

ಹಾಲೋ ನೈಟ್ ಎಂಬ ವಿಡಿಯೋ ಆಟದ ಪುಟ್ಟ ಯೋಧನ ಕೈಯಲ್ಲಿರುವ ಆಯುಧದ ಹೆಸರು ನೇಲ್, ಅಂದರೆ ಮೊಳೆ. ಹುಳುಗಳ ರಾಜ್ಯದಲ್ಲಿ ನಡೆಯುವ ಕಥೆಯಾದ್ದರಿಂದ ಅಲ್ಲಿನವರಿಗೆ ಮೊಳೆಯೇ ಕತ್ತಿ. ಆಟ ಶುರುವಾದಾಗ ಹಿಡಿದ ಆಯುಧವನ್ನೇ ಕೊನೆಯ ಬಾಸ್, ಅಂದರೆ ದೊಡ್ಡ ಶತ್ರುವಿನ ಎದುರಿಗೂ ಹಿಡಿದಿರುತ್ತೀರಿ. ನಡುವೆ ಬೇರೊಂದು ಕತ್ತಿಯಾಗಲಿ ಕೊಡಲಿಯಾಗಲಿ ಸಿಗುವುದಿಲ್ಲ. ಇರುವುದನ್ನೇ ಹರಿತ ಮಾಡಿಸಿಕೊಳ್ಳಬಹುದು, ಅಷ್ಟೆ. ಆದ್ದರಿಂದ ಮೊದಲ ಕೆಲವು ಗಂಟೆಗಳನ್ನು ಈ ಒಂದು ಆಯುಧವನ್ನು ಅರಿಯಲು ಕೊಟ್ಟರೆ ಆಮೇಲಿನ ದಾರಿಯೆಲ್ಲ ಸಲೀಸಾಗುತ್ತದೆ.

ಆಸ್ಟ್ರೇಲಿಯಾದ ಅಡಿಲೇಡ್ ನಗರದ ಟೀಮ್ ಚೆರಿ ಎಂಬ ಪುಟ್ಟ ತಂಡ ಈ ಆಟವನ್ನು 2017ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿತು. ಎರಡನೆಯ ಆಟ ಸಿಲ್ಕ್‌ಸಾಂಗ್ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಎರಡರಲ್ಲೂ ಹತ್ತಿರದ ಹೊಡೆತವೇ ಮುಖ್ಯ. ಹೊಸಬರು ಆಡುವುದನ್ನು ನೋಡಿದಾಗಲೆಲ್ಲ ನನಗೆ ಕಾಣುವ ತಪ್ಪು ಒಂದೇ: ಏಟು ಶತ್ರುವಿಗೆ ತಾಗಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಈ ಆಟದಲ್ಲಿ ಪ್ರತಿ ಏಟೂ ನಿಮ್ಮನ್ನು ಒಂದು ಕಡೆಗೆ ನೂಕುತ್ತದೆ ಅಥವಾ ಮೇಲಕ್ಕೆ ಎಸೆಯುತ್ತದೆ. ಕಾಲು ಮತ್ತೆ ಸುರಕ್ಷಿತವಾದ ಜಾಗವನ್ನು ಮುಟ್ಟುವವರೆಗೂ ಏಟು ಮುಗಿದಿಲ್ಲ ಎಂದು ತಿಳಿದು ಆಡಿ. ಕೆಳಗಿನ ಹೆಜ್ಜೆಗಳೆಲ್ಲ ಇದೊಂದು ಮಾತಿನ ವಿಸ್ತರಣೆ.

ಮೊದಲು ಕೈ ಹೊಂದಿಸಿಕೊಳ್ಳಿ

ಕೀಬೋರ್ಡ್‌ನಲ್ಲಿ ಆಡುವವರಿಗೆ ಎಕ್ಸ್ ಕೀಲಿ ದಾಳಿಗೆ, ಝಡ್ ಕೀಲಿ ಜಿಗಿತಕ್ಕೆ, ಬಾಣದ ಕೀಲಿಗಳು ದಿಕ್ಕಿಗೆ. ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಲ್ಲಿ ಎಕ್ಸ್ ಬಟನ್, ಪ್ಲೇಸ್ಟೇಷನ್‌ನಲ್ಲಿ ಚೌಕದ ಗುರುತಿನ ಬಟನ್. ಕಂಟ್ರೋಲರ್ ಹಿಡಿದವರು ಜಿಗಿತಕ್ಕೂ ದಾಳಿಗೂ ಒಂದೇ ಹೆಬ್ಬೆರಳನ್ನು ಬಳಸಬೇಕಾಗುತ್ತದೆ. ಹೆಬ್ಬೆರಳ ತುದಿಯನ್ನು ದಾಳಿಯ ಬಟನ್ ಮೇಲಿಟ್ಟು, ಅದರ ಬುಡದ ಕಡೆಯ ಮೆತ್ತನೆಯ ಭಾಗದಿಂದ ಜಿಗಿತದ ಬಟನ್ ಒತ್ತುವುದನ್ನು ರೂಢಿಸಿಕೊಳ್ಳಿ. ಬೆರಳನ್ನು ಎತ್ತಿ ಇಡುತ್ತಾ ಇದ್ದರೆ ಮುಂದೆ ಬರುವ ಪೋಗೋ ಹೊಡೆತ ಸಮಯಕ್ಕೆ ಸರಿಯಾಗಿ ಬರುವುದಿಲ್ಲ. ಇದು ಕಷ್ಟವೆನಿಸಿದರೆ ಸೆಟ್ಟಿಂಗ್‌ಗೆ ಹೋಗಿ ಬಟನ್‌ಗಳನ್ನು ಬದಲಿಸಿಕೊಳ್ಳಬಹುದು.

ದಿಕ್ಕಿಗೆ ಅನಲಾಗ್ ಕಡ್ಡಿಗಿಂತ ನಾಲ್ಕು ದಿಕ್ಕಿನ ಗುಂಡಿಯಾದ ಡಿ-ಪ್ಯಾಡ್ ವಾಸಿ ಎಂಬುದು ನನ್ನ ಅನುಭವ. ಓಡುವಾಗ ಕಡ್ಡಿ ಸ್ವಲ್ಪ ಮೇಲಕ್ಕೆ ವಾಲಿದರೂ ಎದುರಿಗಿರುವ ಶತ್ರುವನ್ನು ಬಿಟ್ಟು ನೇಲ್ ತಲೆಯ ಮೇಲೆ ಬೀಸುತ್ತದೆ. ಡಿ-ಪ್ಯಾಡ್‌ನಲ್ಲಿ ಈ ತೊಂದರೆ ಕಡಿಮೆ.

ನಾಲ್ಕು ದಿಕ್ಕಿನ ಬೀಸು

ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ: ಇಷ್ಟೇ ಹೊಡೆತಗಳು. ಮೊದಲ ಮೂರನ್ನು ನಿಂತಲ್ಲಿಂದಲೂ ಜಿಗಿದೂ ಬೀಸಬಹುದು. ಕೆಳಮುಖದ ಹೊಡೆತಕ್ಕೆ ಮಾತ್ರ ಗಾಳಿಯಲ್ಲಿರಬೇಕು. ನೆಲದ ಮೇಲೆ ನಿಂತು ಕೆಳದಿಕ್ಕು ಮತ್ತು ದಾಳಿಯನ್ನು ಒಟ್ಟಿಗೆ ಒತ್ತಿದರೆ ನೇಲ್ ಮುಂದಕ್ಕೇ ಹೋಗುತ್ತದೆ.

ಆಟ ಆರಂಭವಾಗುವ ಕಿಂಗ್ಸ್ ಪಾಸ್ ಎಂಬ ಗುಹೆಯನ್ನು ದಾಟಲು ಆತುರಪಡಬೇಡಿ. ಇಲ್ಲಿ ನೆಲದ ಮೇಲೆ ತೆವಳುವ ಕ್ರಾಲಿಡ್ ಮತ್ತು ಹಾರಿ ಬಂದು ಎರಗುವ ವೆಂಜ್‌ಫ್ಲೈ ಸಿಗುತ್ತವೆ. ಕ್ರಾಲಿಡ್ ತನ್ನ ಪಾಡಿಗೆ ಅತ್ತಿಂದಿತ್ತ ತೆವಳುತ್ತದೆ, ನಿಮ್ಮನ್ನು ಅಟ್ಟಿಸಿಕೊಂಡು ಬರುವುದಿಲ್ಲ. ದೂರ ಅಳೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಅದರ ಹತ್ತಿರ ಹೋಗಿ ನಿಲ್ಲಿ, ಬೀಸಿ. ತಾಗದಿದ್ದರೆ ಅರ್ಧ ಹೆಜ್ಜೆ ಮುಂದಿಟ್ಟು ಮತ್ತೆ ಬೀಸಿ. ನೇಲ್‌ನ ಬಿಳಿ ಕಮಾನಿನ ತುದಿ ಮಾತ್ರ ಶತ್ರುವಿಗೆ ಸೋಕುವ ದೂರ ಯಾವುದು ಎಂಬುದು ಕಣ್ಣಿಗೆ ಹಿಡಿಸುವವರೆಗೂ ಹೀಗೆ ಮಾಡಿ. ಈ ಆಟದಲ್ಲಿ ಶತ್ರುವಿನ ಮೈ ತಗುಲಿದರೆ ಸಾಕು, ಒಂದು ಮಾಸ್ಕ್, ಅಂದರೆ ಒಂದು ಜೀವಬಿಂದು ಹೋಗುತ್ತದೆ. ಆರಂಭದಲ್ಲಿ ಇರುವುದೇ 5 ಮಾಸ್ಕ್. ಹಾಗಾಗಿ ಈ ಅಂತರವೇ ನಿಮ್ಮ ಗುರಾಣಿ.

ವೆಂಜ್‌ಫ್ಲೈ ಬಂದಾಗ ಮೇಲ್ಮುಖದ ಹೊಡೆತವನ್ನು ಪಳಗಿಸಿಕೊಳ್ಳಿ. ಜಿಗಿದು ಅದರ ಎತ್ತರಕ್ಕೆ ಹೋಗಿ ಹೊಡೆಯುವ ಆಸೆಯಾಗುತ್ತದೆ. ಬೇಡ. ನೆಲದ ಮೇಲೇ ನಿಂತು ಅದು ತಲೆಯ ಮೇಲೆ ಬರಲು ಬಿಟ್ಟು ಮೇಲಕ್ಕೆ ಬೀಸಿ. ಗಾಳಿಯಲ್ಲಿದ್ದಾಗ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಅವಕಾಶ ಕಡಿಮೆ, ನೆಲದಲ್ಲಿದ್ದರೆ ಹೆಚ್ಚು.

ಎಣಿಸಿ ಹೊಡೆಯಿರಿ

ಹೊಸ ಆಟಗಾರ ಬಟನ್ನನ್ನು ಎಷ್ಟು ಬೇಗ ಒತ್ತಿದರೂ ಒಂದು ಬೀಸಿಗೂ ಇನ್ನೊಂದಕ್ಕೂ ನಡುವೆ 0.41 ಸೆಕೆಂಡ್ ಅಂತರ ಇದ್ದೇ ಇರುತ್ತದೆ. ಅವಸರದಲ್ಲಿ ಒತ್ತಿದ ಹೆಚ್ಚಿನ ಒತ್ತುಗಳು ವ್ಯರ್ಥ. ವ್ಯರ್ಥವಾದರೆ ಚಿಂತೆಯಿಲ್ಲ, ಆದರೆ ಅವು ಲಯವನ್ನು ಕೆಡಿಸುತ್ತವೆ. ಶತ್ರು ಎರಗುವ ಹೊತ್ತಿಗೆ ಕೈ ಇನ್ನೂ ಬೀಸಿನಲ್ಲೇ ಸಿಕ್ಕಿಕೊಂಡಿರುತ್ತದೆ.

ಆರಂಭದ ನೇಲ್‌ನ ಒಂದು ಏಟಿಗೆ 5 ಅಂಕ. ಕ್ರಾಲಿಡ್ ಮತ್ತು ವೆಂಜ್‌ಫ್ಲೈಗಳ ಪ್ರಾಣಬಲ 8, ಆದ್ದರಿಂದ ಎರಡು ಏಟು ಸಾಕು. ಫರ್ಗಾಟನ್ ಕ್ರಾಸ್‌ರೋಡ್ಸ್‌ನಲ್ಲಿ ಅಲೆಯುವ ವಾಂಡರಿಂಗ್ ಹಸ್ಕ್‌ಗೆ 15, ಅಂದರೆ ಮೂರು ಏಟು. ಈ ಲೆಕ್ಕ ಬಾಯಿಪಾಠವಾಗಬೇಕೆಂದಿಲ್ಲ. ಆದರೆ ಹೊಡೆಯುವಾಗ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ಎಣಿಸುವವನ ಬೆರಳು ತಾನಾಗಿಯೇ ಅವಸರ ಬಿಡುತ್ತದೆ, ಏಟು ಮುಗಿದ ಮೇಲೆ ಹಿಂದೆ ಸರಿಯಲು ನೆನಪಾಗುತ್ತದೆ.

ಹಿಂದಕ್ಕೆ ನೂಕುವ ಬಲ

ಪಕ್ಕಕ್ಕೆ ಹೊಡೆದಾಗ ಶತ್ರು ಆ ಕಡೆ ಸರಿಯುತ್ತದೆ, ನೀವು ಈ ಕಡೆ ಸರಿಯುತ್ತೀರಿ. ಸಮತಟ್ಟಾದ ನೆಲದಲ್ಲಿ ಇದರಿಂದ ಅನುಕೂಲವೇ, ಪ್ರತಿ ಏಟಿನ ಜೊತೆಗೂ ಒಂದಿಷ್ಟು ದೂರ ಉಚಿತವಾಗಿ ಸಿಗುತ್ತದೆ. ಆದರೆ ಬೆನ್ನ ಹಿಂದೆ ಮುಳ್ಳುಗಳಿರುವಾಗ, ಕಿರಿದಾದ ಕಟ್ಟೆಯ ಮೇಲೆ ನಿಂತಿರುವಾಗ ಇದೇ ಬಲ ಕೆಳಕ್ಕೆ ಬೀಳಿಸುತ್ತದೆ. ಹೀಗೆ ಕಟ್ಟೆಗಳಿಂದ ಎಷ್ಟೋ ಸಲ ಬಿದ್ದ ಮೇಲೆ ನಾನು ಒಂದು ನಿಯಮ ಮಾಡಿಕೊಂಡೆ: ಕೋಣೆಯೊಂದಕ್ಕೆ ಕಾಲಿಟ್ಟಾಗ ಮೊದಲು ನನ್ನ ಬೆನ್ನ ಹಿಂದೇನಿದೆ ಎಂದು ನೋಡುವುದು, ಆಮೇಲೆ ಶತ್ರುವನ್ನು ನೋಡುವುದು. ಕಟ್ಟೆಯ ಅಂಚಿನಲ್ಲಿ ಹೊಡೆಯಲೇಬೇಕಾದರೆ ಏಟಿನ ಜೊತೆಗೇ ದಿಕ್ಕಿನ ಬಟನ್ನನ್ನು ಶತ್ರುವಿನ ಕಡೆಗೆ ಒತ್ತಿ ಹಿಡಿಯಿರಿ. ಸರಿದಷ್ಟನ್ನು ಅದು ಮರಳಿ ತುಂಬಿಕೊಡುತ್ತದೆ.

ಈ ನೂಕುಬಲವನ್ನೇ ಇಲ್ಲವಾಗಿಸುವ ಸ್ಟೆಡಿ ಬಾಡಿ ಎಂಬ ಚಾರ್ಮ್, ಅಂದರೆ ಧರಿಸುವ ತಾಯಿತ, ಕ್ರಾಸ್‌ರೋಡ್ಸ್‌ನಲ್ಲಿರುವ ಸಲೂಬ್ರಾಳ ಅಂಗಡಿಯಲ್ಲಿ 120 ಜಿಯೋಗೆ ಸಿಗುತ್ತದೆ. ಜಿಯೋ ಎಂದರೆ ಆಟದೊಳಗಿನ ನಾಣ್ಯ. ಕಲಿಯುವ ಹಂತದಲ್ಲಿ ಅದನ್ನು ಹಾಕಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ಹಿಂದಕ್ಕೆ ಸರಿಯುವುದು ಬೇಡವಾದ ಕ್ಷಣಗಳಿಗಿಂತ ಅದರಿಂದ ಪ್ರಾಣ ಉಳಿಯುವ ಕ್ಷಣಗಳೇ ಆರಂಭದಲ್ಲಿ ಹೆಚ್ಚು.

ಶತ್ರುವಿನ ಕೈಯಲ್ಲೂ ಆಯುಧವಿದ್ದರೆ ಇನ್ನೊಂದು ಸಂಗತಿ ನಡೆಯುತ್ತದೆ. ಅದರ ಕತ್ತಿಗೆ ನಿಮ್ಮ ನೇಲ್ ಸರಿಯಾದ ಕ್ಷಣದಲ್ಲಿ ತಾಗಿದರೆ ಕಿಡಿ ಹಾರಿ ಎರಡೂ ಏಟು ರದ್ದಾಗುತ್ತವೆ, ನಿಮಗೆ ಪೆಟ್ಟಾಗುವುದಿಲ್ಲ. ಇದನ್ನೇ ನಂಬಿ ಆಡುವುದು ಕಷ್ಟ. ಆದರೆ ತಪ್ಪಿಸಿಕೊಳ್ಳಲು ಹೊತ್ತಿಲ್ಲ ಎನಿಸಿದಾಗ ಸುಮ್ಮನೆ ಪೆಟ್ಟು ತಿನ್ನುವ ಬದಲು ಒಂದು ಬೀಸು ಬೀಸಿ ನೋಡಿ.

ಪೋಗೋ: ಕೆಳಮುಖದ ಹೊಡೆತ

ನನ್ನ ಮಟ್ಟಿಗೆ ಈ ಆಟದ ಸೊಗಸೆಲ್ಲ ಇರುವುದು ಇಲ್ಲಿ. ಗಾಳಿಯಲ್ಲಿದ್ದಾಗ ಕೆಳದಿಕ್ಕು ಹಿಡಿದು ಬೀಸಿದ ನೇಲ್ ಶತ್ರುವಿಗೋ ಮುಳ್ಳಿಗೋ ತಾಗಿದರೆ ಯೋಧ ಮೇಲಕ್ಕೆ ಪುಟಿಯುತ್ತಾನೆ. ಆಟಗಾರರು ಇದನ್ನು ಪೋಗೋ ಎನ್ನುತ್ತಾರೆ. ವಿಡಿಯೋ ಆಟಗಳಲ್ಲಿ ಇದಕ್ಕೆ ಹಳೆಯ ಪರಂಪರೆಯೇ ಇದೆ. 1987ರ ಎರಡನೆಯ ಝೆಲ್ಡಾ ಆಟದಲ್ಲಿ ಕತ್ತಿಯನ್ನು ಕೆಳಮುಖವಾಗಿ ಚುಚ್ಚುವ ಹೊಡೆತವಿತ್ತು. 1989ರ ಡಕ್‌ಟೇಲ್ಸ್‌ನಲ್ಲಿ ಊರುಗೋಲಿನ ಮೇಲೆ ಪುಟಿಯುತ್ತಾ ಹೋಗಬಹುದಿತ್ತು. ಹಾಲೋ ನೈಟ್ ಆ ಹೊಡೆತವನ್ನು ನಡಿಗೆಯಷ್ಟೇ ಸಹಜವಾದ ಚಲನೆಯನ್ನಾಗಿ ಮಾಡಿಕೊಂಡಿದೆ.

ಕಲಿಯುವ ಕ್ರಮ ಹೀಗಿರಲಿ. ಮತ್ತೆ ಒಂದು ಕ್ರಾಲಿಡ್ ಹುಡುಕಿ. ಅದರ ನೇರ ಮೇಲಕ್ಕೆ ಜಿಗಿಯಿರಿ. ಮೇಲೇರುವಾಗ ಏನನ್ನೂ ಒತ್ತಬೇಡಿ. ಇಳಿಯಲು ಆರಂಭಿಸಿದಾಗ ಕೆಳದಿಕ್ಕನ್ನು ಮೊದಲು ಹಿಡಿಯಿರಿ, ಆಮೇಲೆ ದಾಳಿ. ಎರಡನ್ನೂ ಒಂದೇ ಸಲ ಒತ್ತಲು ಹೋದರೆ ದಾಳಿಯ ಬಟನ್ ಮುಂಚಿತವಾಗಿ ಒತ್ತಿಹೋಗಿ ನೇಲ್ ಪಕ್ಕಕ್ಕೆ ಬೀಸುತ್ತದೆ. ಬಹುಪಾಲು ಪೋಗೋಗಳು ತಪ್ಪುವುದು ಈ ಕಾರಣಕ್ಕೇ.

ಎರಡನೆಯ ತೊಡಕು ಸಮಯದ್ದು. ಹೊಸಬರು ತುಂಬಾ ತಡಮಾಡುತ್ತಾರೆ, ಕಾಲು ಶತ್ರುವಿನ ಬೆನ್ನಿಗೆ ಇನ್ನೇನು ತಗುಲಬೇಕು ಎನ್ನುವಾಗ ಬೀಸುತ್ತಾರೆ. ನೇಲ್ ಕಾಲಿಗಿಂತ ಕೆಳಕ್ಕೆ ಚಾಚುತ್ತದೆ ಎಂಬುದನ್ನು ನೆನಪಿಡಿ. ಒಂದು ನೇಲ್‌ನಷ್ಟು ಎತ್ತರವಿರುವಾಗಲೇ ಬೀಸಬೇಕು.

ಒಮ್ಮೆ ಪುಟಿಯುವುದು ಬಂದ ಮೇಲೆ ಇಳಿಯದೆ ಎರಡನೆಯ ಸಲ ಪುಟಿಯಲು ಯತ್ನಿಸಿ. ಕೆಳದಿಕ್ಕಿನ ಬಟನ್ನನ್ನು ಬಿಡಲೇಬೇಡಿ, ದಾಳಿಯನ್ನು ಮಾತ್ರ ಲಯಬದ್ಧವಾಗಿ ಒತ್ತಿ. ನಡುವೆ ಎಡಕ್ಕೋ ಬಲಕ್ಕೋ ಒಂದಿಷ್ಟು ಸರಿದು ಶತ್ರುವಿನ ಮೇಲೆಯೇ ಉಳಿಯುವುದು ಈ ಹಂತದ ಕೌಶಲ. ಒಂದೇ ಕ್ರಾಲಿಡ್ ಎರಡು ಏಟಿಗೆ ಸತ್ತುಹೋಗುವುದರಿಂದ ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಮುಂದಿನ ಪಾಠಕ್ಕೆ ಸಾಯದ ವಸ್ತು ಬೇಕು.

ಅದು ಗ್ರೀನ್‌ಪಾತ್‌ನಲ್ಲಿ ಸಿಗುತ್ತದೆ. ಅಲ್ಲಿನ ಹಳ್ಳಗಳಲ್ಲಿ ಮುಳ್ಳಿನ ಬಳ್ಳಿಗಳು ತುಂಬಿವೆ. ನೇಲ್ ಮುಳ್ಳಿಗೆ ತಾಗಿದರೆ ಪೆಟ್ಟಿಲ್ಲ, ಪುಟಿತ ಮಾತ್ರ. ಮೈ ತಾಗಿದರೆ ಒಂದು ಮಾಸ್ಕ್ ಹೋಗಿ ಹಿಂದಿನ ಸುರಕ್ಷಿತ ಜಾಗಕ್ಕೆ ಮರಳುತ್ತೀರಿ. ಹತ್ತಿರದಲ್ಲೇ ಕುಳಿತು ಮಾಸ್ಕ್ ತುಂಬಿಸಿಕೊಳ್ಳುವ ಬೆಂಚು ಇರುವ ಕಡೆ ಆರಿಸಿಕೊಂಡು, ಮುಳ್ಳಿನ ಹಳ್ಳವನ್ನು ಪುಟಿಯುತ್ತಾ ದಾಟುವ ಅಭ್ಯಾಸ ಮಾಡಿ. ಆ ಬಳಿಕ ಫಂಗಲ್ ವೇಸ್ಟ್ಸ್. ಅಲ್ಲಿರುವ ದೊಡ್ಡ ಅಣಬೆಗಳ ಮೇಲೆ ಸುಮ್ಮನೆ ನಿಂತರೆ ಏನೂ ಆಗದು, ಕೆಳಮುಖವಾಗಿ ಹೊಡೆದರೆ ಬಹಳ ಎತ್ತರಕ್ಕೆ ಎಸೆಯುತ್ತವೆ. ಗೋಡೆ ಹತ್ತುವ ಶಕ್ತಿ ಸಿಗುವ ಮ್ಯಾಂಟಿಸ್ ಗ್ರಾಮದ ದಾರಿಯಲ್ಲೇ ಇವುಗಳನ್ನು ಇಟ್ಟಿದ್ದಾರೆ. ಪೋಗೋ ಬಾರದವರಿಗೆ ಮುಂದಕ್ಕೆ ದಾರಿಯಿಲ್ಲ ಎಂದು ಆಟವೇ ಮೃದುವಾಗಿ ಹೇಳುವ ಬಗೆ ಇದು. ವಿವರಣೆಯ ಒಂದು ಸಾಲೂ ಇಲ್ಲದೆ ಕಲಿಸುವ ಇಂತಹ ಜಾಣ್ಮೆ ನನಗೆ ಬಹಳ ಹಿಡಿಸುತ್ತದೆ.

ಪುಟಿದಾಗಲೆಲ್ಲ ಗಾಳಿಯಲ್ಲಿ ಮುನ್ನುಗ್ಗುವ ಡ್ಯಾಶ್ ಮತ್ತೆ ಸಿದ್ಧವಾಗುತ್ತದೆ ಎಂಬುದು ಮುಂದೆ ಬಹಳ ಉಪಯೋಗಕ್ಕೆ ಬರುವ ವಿಷಯ. ಶತ್ರುವಿನ ಮೇಲೆ ಪುಟಿದು, ಡ್ಯಾಶ್ ಮಾಡಿ ಅದರ ಆಚೆ ಇಳಿಯುವುದನ್ನು ಈಗಿನಿಂದಲೇ ಪ್ರಯತ್ನಿಸುತ್ತಾ ಇರಿ.

ಏಟಿನಿಂದಲೇ ಚೇತರಿಕೆ

ಶತ್ರುವಿಗೆ ಬಿದ್ದ ಪ್ರತಿ ಏಟಿಗೂ 11 ಅಂಕ ಆತ್ಮಶಕ್ತಿ ಸೇರುತ್ತದೆ. ಪರದೆಯ ಎಡ ಮೂಲೆಯ ಬಿಳಿ ಗುಂಡಿ ತುಂಬುವುದನ್ನು ನೋಡಬಹುದು. ಪೂರ್ತಿ ತುಂಬಿದರೆ 99. ಒಂದು ಮಾಸ್ಕ್ ಮರಳಿ ಪಡೆಯಲು 33 ಬೇಕು, ಮಂತ್ರವೊಂದನ್ನು ಪ್ರಯೋಗಿಸಲೂ 33. ಅಂದರೆ ಮೂರು ಏಟಿಗೆ ಒಂದು ಮಾಸ್ಕ್. ಮುಳ್ಳಿಗೆ ಹೊಡೆದರೆ ಏನೂ ಸಿಗುವುದಿಲ್ಲ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪೆಟ್ಟು ತಿಂದು ಹೆದರಿ ದೂರ ಓಡಿ ನಿಂತರೆ ಚೇತರಿಕೆ ಇಲ್ಲ, ಮರಳಿ ಹತ್ತಿರ ಹೋಗಲೇಬೇಕು. ಆದರೆ ಮೂರು ಏಟು ಹಾಕುವಷ್ಟರಲ್ಲಿ ಇನ್ನೊಂದು ಪೆಟ್ಟು ತಿಂದರೆ ಗಳಿಸಿದ್ದೆಲ್ಲ ಹೋಯಿತು. ಹಾಗಾಗಿ ಎರಡು ಮಾಸ್ಕ್ ಉಳಿದಾಗ ಒಮ್ಮೆಗೆ ಒಂದೇ ಏಟು ಹಾಕಿ ಹಿಂದೆ ಸರಿಯಿರಿ. ನಿಧಾನವಾದರೂ ಲೆಕ್ಕ ನಿಮ್ಮ ಕಡೆಗೇ ಬರುತ್ತದೆ. ಚೇತರಿಸಿಕೊಳ್ಳಲು ಸುಮಾರು ಒಂದು ಸೆಕೆಂಡ್ ಅಲುಗಾಡದೆ ನಿಲ್ಲಬೇಕು ಎಂಬುದನ್ನೂ ಮರೆಯಬೇಡಿ.

ನೇಲ್ ಹರಿತ ಮಾಡಿಸುವುದು ಮತ್ತು ಚಾರ್ಮ್‌ಗಳು

ಫಾಲ್ಸ್ ನೈಟ್ ಎಂಬ ಬಾಸನ್ನು ಗೆದ್ದಾಗ ಸಿಗುವ ಮುದ್ರೆ ಸಿಟಿ ಆಫ್ ಟಿಯರ್ಸ್ ನಗರದ ಬಾಗಿಲು ತೆರೆಯುತ್ತದೆ. ಮಳೆ ನಿಲ್ಲದ ಆ ನಗರದಲ್ಲಿ ನೇಲ್‌ಸ್ಮಿತ್ ಎಂಬ ಕಮ್ಮಾರನಿದ್ದಾನೆ. ಮೊದಲ ಹರಿತಕ್ಕೆ 250 ಜಿಯೋ ಮಾತ್ರ, ಏಟಿನ ಬಲ 5ರಿಂದ 9ಕ್ಕೆ ಏರುತ್ತದೆ. ಆ ಊರಿಗೆ ಕಾಲಿಟ್ಟ ದಿನವೇ ಇದನ್ನು ಮಾಡಿಸಿ, ಬೇರೆ ಯಾವ ಖರೀದಿಯೂ ಇದಕ್ಕೆ ಸಮನಲ್ಲ. ಎರಡೇಟಿನ ಕ್ರಾಲಿಡ್ ಇನ್ನು ಒಂದೇಟಿಗೆ ಬೀಳುತ್ತದೆ. ಆಮೇಲಿನ ಮೂರು ಹಂತಗಳಿಗೆ 800, 2000 ಮತ್ತು 4000 ಜಿಯೋ. ಜೊತೆಗೆ ಕ್ರಮವಾಗಿ ಒಂದು, ಎರಡು, ಮೂರು ಪೇಲ್ ಓರ್ ಎಂಬ ಅಪರೂಪದ ಅದಿರು ಕೊಡಬೇಕು. ಬಲ 13, 17, ಕೊನೆಗೆ 21.

ಚಾರ್ಮ್‌ಗಳಲ್ಲಿ ಮೊದಲಿಗೆ ಲಾಂಗ್‌ನೇಲ್ ತೆಗೆದುಕೊಳ್ಳಿ. ಸಲೂಬ್ರಾಳ ಬಳಿ 300 ಜಿಯೋ, ನೇಲ್‌ನ ಚಾಚು ಶೇ 15ರಷ್ಟು ಹೆಚ್ಚುತ್ತದೆ. ಮ್ಯಾಂಟಿಸ್ ಲಾರ್ಡ್ಸ್ ಅನ್ನು ಗೆದ್ದವರಿಗೆ ಸಿಗುವ ಮಾರ್ಕ್ ಆಫ್ ಪ್ರೈಡ್ ಅದನ್ನು ಶೇ 25ರಷ್ಟು ಹೆಚ್ಚಿಸುತ್ತದೆ. ಬೇಗ ಬೀಸಲು ನೆರವಾಗುವ ಕ್ವಿಕ್ ಸ್ಲ್ಯಾಶ್ ಏಟುಗಳ ಅಂತರವನ್ನು 0.25 ಸೆಕೆಂಡಿಗೆ ಇಳಿಸುತ್ತದೆ. ಎಲ್ಲರೂ ಅದನ್ನೇ ಮೆಚ್ಚುತ್ತಾರೆ. ನನಗೆ ಮಾತ್ರ ಚಾಚು ಹೆಚ್ಚಿಸುವುದೇ ಮೇಲೆನಿಸುತ್ತದೆ. ವೇಗದಿಂದ ಶತ್ರು ಬೇಗ ಸಾಯಬಹುದು, ಆದರೆ ಚಾಚಿನಿಂದ ನಿಮ್ಮ ಕಾಲಿಗೆ ಜಾಗ ಸಿಗುತ್ತದೆ.

ನೇಲ್ ಆರ್ಟ್‌ಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ಅವು ಮುಂದಿನ ಪಾಠ. ದಾಳಿಯ ಬಟನ್ನನ್ನು 1.35 ಸೆಕೆಂಡ್ ಒತ್ತಿ ಹಿಡಿದು ಬಿಟ್ಟರೆ ದೊಡ್ಡ ಹೊಡೆತ ಬರುತ್ತದೆ, ಮೂವರು ಗುರುಗಳು ಮೂರು ಬಗೆಯದನ್ನು ಕಲಿಸುತ್ತಾರೆ. ಬಟನ್ ಬಿಡುವಾಗ ಮೇಲಿನ ಅಥವಾ ಕೆಳಗಿನ ದಿಕ್ಕು ಒತ್ತಿದ್ದರೆ ಸುತ್ತುವ ಹೊಡೆತ ಹೊರಡುತ್ತದೆ. ಮುಂದಕ್ಕೆ ಬೀಸುವ ದೊಡ್ಡ ಹೊಡೆತ ಬೇಕೆಂದಾಗ ಇದು ಬಂದು ಗೊಂದಲವಾಗುವುದುಂಟು.

ಹಾರ್ನೆಟ್ ಎದುರು ಪರೀಕ್ಷೆ

ಗ್ರೀನ್‌ಪಾತ್‌ನ ಕೊನೆಯಲ್ಲಿ ಹಾರ್ನೆಟ್ ಎಂಬ ಬಾಸ್ ಕಾದಿರುತ್ತಾಳೆ. ಕಲಿತದ್ದೆಲ್ಲ ಕೈಗೆ ಹತ್ತಿದೆಯೇ ಎಂದು ಇಲ್ಲಿ ತಿಳಿಯುತ್ತದೆ. ಅವಳ ಪ್ರಾಣಬಲ 225, ಆರಂಭದ ನೇಲ್‌ನಲ್ಲಿ 45 ಏಟು. ಒಂದರ ಹಿಂದೊಂದು ಬೀಸುವುದಾದರೆ ಹತ್ತೊಂಬತ್ತು ಸೆಕೆಂಡ್ ಕೂಡ ಬೇಡ. ಆದರೆ ನಿಜವಾದ ಕಾಳಗ ನಿಮಿಷಗಟ್ಟಲೆ ನಡೆಯುತ್ತದೆ. ಉಳಿದ ಹೊತ್ತೆಲ್ಲ ಎಲ್ಲಿ ನಿಲ್ಲಬೇಕು, ಎಲ್ಲಿಗೆ ಸರಿಯಬೇಕು ಎಂಬುದರಲ್ಲೇ ಕಳೆಯುತ್ತದೆ.

ಮೊದಲ ಎರಡು ಮೂರು ಪ್ರಯತ್ನಗಳಲ್ಲಿ ಹೊಡೆಯಲೇ ಬೇಡಿ, ತಪ್ಪಿಸಿಕೊಳ್ಳುತ್ತಾ ಅವಳನ್ನು ನೋಡಿ. ಅವಳು ನೆಲದ ಉದ್ದಕ್ಕೂ ಮುನ್ನುಗ್ಗುತ್ತಾಳೆ, ಗಾಳಿಯಿಂದ ಓರೆಯಾಗಿ ಎರಗುತ್ತಾಳೆ, ಸೂಜಿಯನ್ನು ಎಸೆದು ದಾರದಿಂದ ಹಿಂದಕ್ಕೆಳೆದುಕೊಳ್ಳುತ್ತಾಳೆ, ತನ್ನ ಸುತ್ತ ದಾರದ ಸುಳಿ ಎಬ್ಬಿಸುತ್ತಾಳೆ. ಸುಳಿಯೆದ್ದಾಗ ದೂರ ನಿಲ್ಲಿ. ಸೂಜಿ ಎಸೆದಾಗ ಅದರ ಮೇಲಿಂದ ಜಿಗಿದು ಅವಳ ಹತ್ತಿರ ಇಳಿಯಿರಿ, ಅದು ಕೈಗೆ ಮರಳುವವರೆಗೂ ಅವಳು ನಿಂತಲ್ಲೇ ನಿಂತಿರುತ್ತಾಳೆ. ಆಗ ಒಂದು ಏಟು, ಧೈರ್ಯವಿದ್ದರೆ ಎರಡು. ಮೂರನೆಯದಕ್ಕೆ ಆಸೆಪಡಬೇಡಿ. ನೆಲದ ಮೇಲೆ ಮುನ್ನುಗ್ಗಿದಾಗ ಜಿಗಿದು, ಅವಳು ಕೆಳಗೆ ಹಾದುಹೋಗುವ ಕ್ಷಣದಲ್ಲಿ ಪೋಗೋ ಮಾಡಿದರೆ ತಪ್ಪಿಸಿಕೊಂಡಂತೆಯೂ ಆಯಿತು, ಹೊಡೆದಂತೆಯೂ ಆಯಿತು. ಸಾಕಷ್ಟು ಏಟು ಬಿದ್ದ ಮೇಲೆ ಅವಳು ಒಮ್ಮೆ ಮಂಡಿಯೂರುತ್ತಾಳೆ. ಮಾಸ್ಕ್ ಕಡಿಮೆಯಿದ್ದರೆ ಆ ಹೊತ್ತನ್ನು ಚೇತರಿಕೆಗೆ ಬಳಸಿ.

ಸಿಲ್ಕ್‌ಸಾಂಗ್‌ಗೆ ಹೋದವರಿಗೆ

ಎರಡನೆಯ ಆಟದಲ್ಲಿ ನೀವೇ ಹಾರ್ನೆಟ್. ಆಯುಧ ಸೂಜಿ. ಕೆಳಮುಖದ ಹೊಡೆತ ಇಲ್ಲಿ ನೇರವಾಗಿ ಇಳಿಯದೆ ಮುಂದಕ್ಕೆ ಓರೆಯಾಗಿ ಇಳಿಯುತ್ತದೆ. ಮೊದಲ ಆಟದಲ್ಲಿ ಪಳಗಿದ ಕೈಗೆ ಇದು ಮೊದಮೊದಲು ಒಗ್ಗುವುದಿಲ್ಲ. ಗುರಿಯ ನೇರ ಮೇಲೆ ಹೋಗಿ ಒತ್ತಿದರೆ ಸೂಜಿ ಅದನ್ನು ದಾಟಿ ಆಚೆ ಚುಚ್ಚುತ್ತದೆ. ಗುರಿ ನಿಮ್ಮ ಮುಂದೆ, ಓರೆಗೆರೆಯಲ್ಲಿ ಕೆಳಗೆ ಇರುವಾಗ ಒತ್ತಬೇಕು. ಅದರ ಮೇಲೆಯೇ ಮತ್ತೆ ಪುಟಿಯಲು, ದಾಟಿಹೋದ ಮೇಲೆ ಮುಖ ತಿರುಗಿಸಿ ಇನ್ನೊಂದು ಬದಿಯಿಂದ ಇಳಿಯಿರಿ. ಹೀಗೆ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ. ಹಂಟರ್ಸ್ ಮಾರ್ಚ್ ಪ್ರದೇಶದಲ್ಲಿರುವ ಕೆಂಪು ಮೊಗ್ಗಿನಂತಹವುಗಳ ಮೇಲೆ ಇದನ್ನು ಅಭ್ಯಾಸ ಮಾಡಬಹುದು. ಆದರೆ ಅಲ್ಲಿನ ಶತ್ರುಗಳು ಬಲಶಾಲಿಗಳು, ಎಚ್ಚರದಿಂದ ಹೋಗಿ.

ಚೇತರಿಕೆಯ ಲೆಕ್ಕವೂ ಬೇರೆ. ಒಂದು ಏಟಿಗೆ ಒಂದು ಎಳೆ ರೇಷ್ಮೆ, ಒಂಬತ್ತು ಎಳೆ ಕೂಡಿದಾಗ ಒಮ್ಮೆಗೇ ಮೂರು ಮಾಸ್ಕ್. ಭಾಗಿಸಿ ನೋಡಿದರೆ ಹಿಂದಿನಂತೆಯೇ ಮೂರು ಏಟಿಗೊಂದು ಮಾಸ್ಕ್. ಆದರೆ ಚಿಲ್ಲರೆಯಾಗಿ ಸಿಗುವುದಿಲ್ಲ, ಎಂಟು ಏಟು ಹಾಕಿ ನಿಂತರೆ ಸೊನ್ನೆ. ಅದೂ ಅಲ್ಲದೆ ಇಲ್ಲಿ ಅನೇಕ ಶತ್ರುಗಳ ಪೆಟ್ಟಿಗೆ ಎರಡೆರಡು ಮಾಸ್ಕ್ ಹೋಗುತ್ತವೆ. ಹಾಗಾಗಿ ಬಾಸ್ ಕೋಣೆಗೆ ಹೋಗುವ ಮುನ್ನ ದಾರಿಯಲ್ಲಿ ಸಿಗುವ ಸಣ್ಣ ಶತ್ರುಗಳಿಗೆ ಹೊಡೆದು ರೇಷ್ಮೆ ತುಂಬಿಸಿಕೊಳ್ಳಿ.

ಓರೆ ಹೊಡೆತ ಎಷ್ಟು ದಿನವಾದರೂ ಒಗ್ಗದಿದ್ದರೆ ಅದಕ್ಕೂ ದಾರಿಯಿದೆ. ಆಟ ಮುಂದುವರಿದಂತೆ ಸಿಗುವ ಕ್ರೆಸ್ಟ್‌ಗಳು ಹೊಡೆತದ ಸ್ವರೂಪವನ್ನೇ ಬದಲಿಸುತ್ತವೆ. ಗ್ರೇಮೂರ್‌ನಲ್ಲಿ ದೊರೆಯುವ ರೀಪರ್ ಕ್ರೆಸ್ಟ್‌ನ ಬೀಸು ಅಗಲವಾದದ್ದು, ಸ್ವಲ್ಪ ಗುರಿ ತಪ್ಪಿದರೂ ತಾಗುತ್ತದೆ. ವಾಂಡರರ್ ಕ್ರೆಸ್ಟ್‌ನಲ್ಲಿ ಸೂಜಿ ಚಿಕ್ಕದಾಗಿ, ಚುರುಕಾಗಿ, ಹಳೆಯ ನೇಲ್‌ನಂತೆಯೇ ನೇರ ಕೆಳಕ್ಕೆ ಇಳಿಯುತ್ತದೆ. ಅದು ಕೈಗೆ ಬಂದ ದಿನ ಬೆಂಚಿನ ಮೇಲೆ ಕುಳಿತು ಕ್ರೆಸ್ಟ್ ಬದಲಿಸಿ, ಹತ್ತಿರದ ಯಾವುದಾದರೂ ನಿಧಾನದ ಹುಳುವಿನ ಮೇಲೆ ಒಂದೆರಡು ಸಲ ಪುಟಿದು ನೋಡಿ. ಕಿಂಗ್ಸ್ ಪಾಸ್‌ನ ಕ್ರಾಲಿಡ್ ಮೇಲೆ ಕಲಿತ ಲಯ ಹಾಗೆಯೇ ಕೈಗೆ ಬರುತ್ತದೆ.